ಜೋಧ್‌ಪುರದ ಕಲ್ಲಿನ ಪರದೆ: ಒಂದು ಹೋಟೆಲ್, ಅದರ ಪಕ್ಕದ ಒಂದು ಬಾವಿ

ಮನೆಗೆ ಹೋದ ಮೇಲೆ ಯಾರದ್ದಾದರೂ ಮದುವೆ ಆಲ್ಬಂ ತೆಗೆದು ನೋಡಿ. ಆರತಕ್ಷತೆ ಫೋಟೋದಲ್ಲಿ ಮದುಮಗ ಕತ್ತಿನವರೆಗೂ ಗುಂಡಿ ಹಾಕಿದ ಕೋಟು ತೊಟ್ಟಿರ್ತಾನೆ. ಜೋಧ್‌ಪುರಿ ಕೋಟು ಅಂತೀವಲ್ಲ, ಅದು. ಆ ಊರಿನ ಹೆಸರನ್ನ ನಾವು ಬಟ್ಟೆ ಅಂಗಡಿಯಲ್ಲೇ ಜಾಸ್ತಿ ಕೇಳಿರೋದು. ಇವತ್ತಿನ ಕಂತಿನಲ್ಲಿ ಆ ಊರಿಗೇ ಹೋಗೋಣ. ಅಲ್ಲಿನ ಒಂದು ಪುಟ್ಟ, ತುಂಬಾ ದುಬಾರಿ ಹೋಟೆಲ್ಲಿನ ಕಲ್ಲುಗಳ ಕಥೆ ಹೇಳ್ತೀನಿ.

ಜೋಧ್‌ಪುರ ಹುಟ್ಟಿದ್ದು 1459ರಲ್ಲಿ. ರಾಠೋಡ ಮನೆತನದ ರಾವ್ ಜೋಧಾ ಒಂದು ಬಂಡೆಗುಡ್ಡದ ಮೇಲೆ ಮೆಹ್ರಾನ್‌ಗಢ ಕೋಟೆಗೆ ಬುನಾದಿ ಹಾಕಿದ. ಗುಡ್ಡದ ಬುಡದಲ್ಲಿ ಊರು ಬೆಳೀತು. ಮೇಲಿಂದ ನೋಡಿದ್ರೆ ನೀಲಿ ಬಳಿದ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಆ ನೀಲಿ ಯಾಕೆ ಅಂತ ಕೇಳಿದ್ರೆ ಒಬ್ಬರು ಬ್ರಾಹ್ಮಣರ ಮನೆ ಗುರುತು ಅಂತಾರೆ, ಇನ್ನೊಬ್ಬರು ಗೆದ್ದಲು ಬರಬಾರದು ಅಂತ, ಮತ್ತೊಬ್ಬರು ತಂಪಿಗೆ ಅಂತ. ನಾನು ಹೋಗಿದ್ದು ಮೇ ತಿಂಗಳಲ್ಲಿ. ತಂಪಿನ ಕಾರಣವನ್ನ ನಂಬೋ ಮನಸ್ಸಾಯ್ತು.

ಈ ಹಳೇ ಊರಿನ ಒಳಗೆ, ಕೋಟೆಯ ಕೆಳಗೇ, ಸುಮಾರು ಒಂದೂವರೆ ಎಕರೆ ಜಾಗದಲ್ಲಿ 'ರಾಸ್' ಅನ್ನೋ ಹೋಟೆಲ್ ಇದೆ. ಮೂವತ್ತೊಂಬತ್ತು ಕೋಣೆ, ಅಷ್ಟೆ. ಮೊದಲು ಇಲ್ಲಿದ್ದದ್ದು 18ನೇ ಶತಮಾನದ ಒಂದು ಹವೇಲಿ. ಹವೇಲಿ ಅಂದ್ರೆ ನಮ್ಮ ತೊಟ್ಟಿಮನೆಯ ಶ್ರೀಮಂತ ದಾಯಾದಿ ಅಂದುಕೊಳ್ಳಿ: ನಡುವೆ ಅಂಗಳ, ಸುತ್ತ ಕೋಣೆಗಳು. ಅಲ್ಲಿನ ಹಳೇ ಕಟ್ಟಡಗಳನ್ನ ಸುಣ್ಣದ ಗಾರೆಯಲ್ಲೇ ರಿಪೇರಿ ಮಾಡಿ, ಪಕ್ಕದಲ್ಲಿ ಹೊಸ ಕಟ್ಟಡಗಳನ್ನ ಎಬ್ಬಿಸಿದಾರೆ. ವಿನ್ಯಾಸ ಮಾಡಿದ್ದು ದೆಹಲಿಯ ಸ್ಟುಡಿಯೋ ಲೋಟಸ್, ಜೊತೆಗೆ ಪ್ರಾಕ್ಸಿಸ್ ಅನ್ನೋ ಇನ್ನೊಂದು ಸಂಸ್ಥೆ. 2011ರ ವರ್ಲ್ಡ್ ಆರ್ಕಿಟೆಕ್ಚರ್ ಫೆಸ್ಟಿವಲ್‌ನಲ್ಲಿ ಪ್ರವಾಸಿ ವಸತಿ ವಿಭಾಗದ ಪ್ರಶಸ್ತಿ ಇದಕ್ಕೇ ಬಂತು.

ಅಲ್ಲಿ ಒಂದು ರಾತ್ರಿ ಉಳಿಯೋ ದುಡ್ಡಲ್ಲಿ ನನ್ನ ಇಡೀ ಪ್ರವಾಸ ಮುಗೀತಿತ್ತು. ಹಾಗಾಗಿ ಎರಡು ಗಲ್ಲಿ ಆಚೆ ಒಂದು ಸಣ್ಣ ಗೆಸ್ಟ್‌ಹೌಸ್‌ನಲ್ಲಿ ಉಳ್ಕೊಂಡು, ಟೀ ಕುಡಿಯೋ ನೆಪದಲ್ಲಿ ಒಳಗೆ ಹೋದೆ.

ಹೊಸ ಕಟ್ಟಡದ ಮುಂಭಾಗ ನೋಡಿದ ತಕ್ಷಣ ನನಗೆ ನೆನಪಾಗಿದ್ದು ಬೇಲೂರು. ಚೆನ್ನಕೇಶವ ದೇವಸ್ಥಾನದ ಗೋಡೆಯಲ್ಲಿ ಕಂಬಗಳ ನಡುವೆ ತೂತು ಕೊರೆದ ಕಲ್ಲಿನ ಪರದೆಗಳಿವೆ ನೋಡಿ, ಜಾಲಂಧ್ರ ಅಂತೀವಿ. ರಾಜಸ್ಥಾನದಲ್ಲಿ ಅದೇ ಜಾಲಿ. ಜೋಧ್‌ಪುರದ ಮರಳುಗಲ್ಲು ಗುಲಾಬಿ ಛಾಯೆಯ ಕಂದು, ಉಳಿಗೆ ಸಲೀಸಾಗಿ ಬಗ್ಗುತ್ತೆ. ಹಾಗಾಗಿ ಆ ಊರಲ್ಲಿ ಕಲ್ಲನ್ನ ಲೇಸ್ ಹೆಣೆದ ಹಾಗೆ ಕೊರೆದುಬಿಡ್ತಾರೆ.

ಜಾಲಿ ಕೆಲಸ ಮಾಡೋ ರೀತಿ ಸರಳ. ಕಲ್ಲು ದಪ್ಪ, ತೂತು ಸಣ್ಣದು. ಬಿಸಿಲು ಓರೆಯಾಗಿ ಬಿದ್ದಾಗ ತೂತಿನ ಒಳಗೋಡೆಗೇ ತಾಗಿ ನಿಂತುಬಿಡುತ್ತೆ. ಬೆಳಕು ಚೂರುಚೂರಾಗಿ ಒಳಗೆ ಬರುತ್ತೆ, ಗಾಳಿಗೂ ದಾರಿ ಇರುತ್ತೆ. ಈ ಹೋಟೆಲ್ಲಿನಲ್ಲಿ ಅದನ್ನ ಎರಡು ಪದರ ಮಾಡಿದಾರೆ. ಒಳಗೆ ಗಾಜು, ಆಮೇಲೆ ಬಾಲ್ಕನಿ, ಅದರಾಚೆ ಜಾಲಿ. ಬಿಸಿಲು ಗಾಜು ಮುಟ್ಟೋ ಮೊದಲೇ ಕಲ್ಲು ಅದನ್ನ ತಡೀತದೆ. ಇನ್ನೂ ಒಂದು ವಿಶೇಷ ಅಂದ್ರೆ, ಈ ಕಲ್ಲಿನ ಪರದೆಗಳು ಮಡಚ್ತವೆ. ಅತಿಥಿ ಬೇಕೆಂದಾಗ ತೆರೆದು ಕೋಟೆ ನೋಡಬಹುದು, ಬೇಡ ಅಂದ್ರೆ ಮುಚ್ಚಿಕೊಂಡು ಮಲಗಬಹುದು.

ಇಲ್ಲಿ ನಾನು ಸ್ವಲ್ಪ ನಿಲ್ತೀನಿ. ಯಾಕಂದ್ರೆ ಹಳೇ ಜಾಲಿಗಳು ಮಡಚ್ತಿರಲಿಲ್ಲ.

ಕೋಟೆಯ ಮೇಲೆ ಹೋದ್ರೆ ಜನಾನಾ, ಅಂದ್ರೆ ರಾಣಿವಾಸದ ಗೋಡೆಗಳ ತುಂಬಾ ಜಾಲಿ. ಗೈಡುಗಳು ಅದರ ಕುಸುರಿ ತೋರಿಸ್ತಾರೆ, ನಾವು ಫೋಟೋ ತೆಗೀತೀವಿ. ಬಿಸಿಲು ತಡೆಯೋದು ಅದರ ಒಂದು ಕೆಲಸ. ಒಳಗಿನ ಹೆಣ್ಣುಮಕ್ಕಳು ಹೊರಗೆ ನೋಡಬೇಕು, ಹೊರಗಿನವರ ಕಣ್ಣಿಗೆ ಅವರು ಬೀಳಬಾರದು ಅನ್ನೋದು ಇನ್ನೊಂದು. ಇಂದು ಆ ಕಲ್ಲು ಕೊಡೋದನ್ನ ನಾವು ಪ್ರೈವೆಸಿ ಅಂತ ಕರೆದು ದುಡ್ಡು ಕೊಡ್ತೀವಿ. ಆವತ್ತು ಅದರ ಹೆಸರು ಪರ್ದಾ. ಕಲ್ಲು ಅದೇ, ತೂತೂ ಅದೇ. ತೆರೆಯೋ ಕೈ ಯಾರದು ಅನ್ನೋದರಲ್ಲಿ ವ್ಯತ್ಯಾಸ.

ಅಂಥ ಜಾಲಿಯ ಹಿಂದೆ ಬದುಕಿದ ಒಬ್ಬ ರಾಣಿಯ ಬಗ್ಗೆ ಹೇಳಬೇಕು. ಅದಕ್ಕೂ ಮುಂಚೆ ಆಕೆಯ ಗಂಡನ ಬಗ್ಗೆ.

ಮಹಾರಾಜ ಅಭಯ್ ಸಿಂಗ್, 1724ರಿಂದ 1749ರವರೆಗೆ ಜೋಧ್‌ಪುರ ಆಳಿದವನು. ಕಟ್ಟೋ ಹುಚ್ಚಿನ ರಾಜ. ಆ ಕಾಲದಲ್ಲಿ ಕಟ್ಟಡ ಅಂದ್ರೆ ಸುಣ್ಣದ ಗಾರೆ. ಸುಣ್ಣ ಆಗಬೇಕಾದ್ರೆ ಸುಣ್ಣಕಲ್ಲನ್ನ ಭಟ್ಟಿಯಲ್ಲಿ ಸುಡಬೇಕು. ಅದಕ್ಕೆ ರಾಶಿ ರಾಶಿ ಸೌದೆ ಬೇಕು. ಮರುಭೂಮಿಯಲ್ಲಿ ಸೌದೆ ಎಲ್ಲಿಂದ ತರ್ತೀರಿ?

1730ರಲ್ಲಿ ರಾಜನ ಆಳುಗಳು ಊರಿಂದ ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರದ ಖೇಜಡ್ಲಿ ಹಳ್ಳಿಗೆ ಕೊಡಲಿ ತಗೊಂಡು ಹೋದರು. ಅಲ್ಲಿ ಖೇಜಡಿ ಮರಗಳು ಹೇರಳ. ಖೇಜಡಿ ಅಂದ್ರೆ ಬೇರೆ ಏನೂ ಅಲ್ಲ, ನಮ್ಮ ಬನ್ನಿ ಮರ. ದಸರೆಗೆ ಎಲೆ ಕಿತ್ತು ಕೈಗೆ ಕೊಟ್ಟು 'ಬನ್ನಿ ತಗೊಂಡು ಬಂಗಾರದಂಗಿರೋಣ' ಅಂತೀವಲ್ಲ, ಅದೇ ಮರ. ಆ ಊರಿನ ಬಿಷ್ಣೋಯಿ ಜನಕ್ಕೆ ಹಸಿರು ಮರ ಕಡಿಯೋದು ಧರ್ಮಕ್ಕೇ ವಿರುದ್ಧ. ಅಮೃತಾ ದೇವಿ ಅನ್ನೋ ಹೆಂಗಸು ಮರವನ್ನ ತಬ್ಬಿಕೊಂಡು ನಿಂತಳು. ಕೊಡಲಿ ನಿಲ್ಲಲಿಲ್ಲ. ಅವಳ ಹೆಣ್ಣುಮಕ್ಕಳೂ ಹಾಗೇ ಸತ್ತರು. ಆಮೇಲೆ ಸುತ್ತಲಿನ ಹಳ್ಳಿಗಳಿಂದ ಜನ ಬಂದು ಬಂದು ಮರ ತಬ್ಬಿದರು. ಸತ್ತವರು 363 ಮಂದಿ ಅಂತ ಬಿಷ್ಣೋಯಿಗಳು ಲೆಕ್ಕ ಇಟ್ಟಿದಾರೆ. ಸುದ್ದಿ ಮುಟ್ಟಿದ ಮೇಲೆ ರಾಜ ಅವರ ಹಳ್ಳಿಗಳಲ್ಲಿ ಮರ ಕಡಿಯೋದನ್ನ ನಿಷೇಧಿಸಿದ. ಇಷ್ಟೂ ಆಗಿದ್ದು ಅರಮನೆ ಕೆಲಸದ ಸುಣ್ಣಕ್ಕೆ ಅಂತ ಹೇಳ್ತಾರೆ.

ಹೋಟೆಲ್ಲಿನ ಗಾರೆಗೂ ಆ ಹಳ್ಳಿಗೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಆದ್ರೆ ಬೆಣ್ಣೆಯ ಹಾಗೆ ನುಣುಪಾದ ಸುಣ್ಣದ ಗೋಡೆ ಮೇಲೆ ಕೈ ಆಡಿಸಿದಾಗ, ಆ ಕಾಲದಲ್ಲಿ ಈ ನುಣುಪಿಗೆ ಎಷ್ಟು ಮರ ಉರೀಬೇಕಿತ್ತು ಅಂತ ಯೋಚನೆ ಬಂತು. ಟೀ ಆರಿಹೋಗಿತ್ತು.

ಈಗ ರಾಣಿ. ಅಭಯ್ ಸಿಂಗ್‌ನ ಹೆಂಡತಿ, ತನ್ವರ್ ಮನೆತನದಿಂದ ಬಂದವಳು. ಹೋಟೆಲ್ಲಿಂದ ಕೆಲವೇ ಹೆಜ್ಜೆ ದೂರದಲ್ಲಿ 'ತೂರ್‌ಜೀ ಕಾ ಝಾಲ್ರಾ' ಅನ್ನೋ ಮೆಟ್ಟಿಲು ಬಾವಿ ಇದೆ. 1740ರ ದಶಕದಲ್ಲಿ ಅದನ್ನ ಕಟ್ಟಿಸಿದ್ದು ಈಕೆ. ನಮ್ಮ ಕಡೆ ಪುಷ್ಕರಣಿ, ಕಲ್ಯಾಣಿ ನೋಡಿದವರಿಗೆ ಇದು ಹೊಸದೇನಲ್ಲ. ಹಂಪಿಯ ಮೆಟ್ಟಿಲು ಪುಷ್ಕರಣಿ ಅಥವಾ ಲಕ್ಕುಂಡಿಯ ಮುಸುಕಿನ ಬಾವಿ ಕಣ್ಮುಂದೆ ತಂದುಕೊಳ್ಳಿ. ಇದರ ಆಳ ಮಾತ್ರ ದಂಗು ಬಡಿಸುತ್ತೆ, ಸುಮಾರು 200 ಅಡಿ ಅಂತಾರೆ. ಮಳೆ ಇಲ್ಲದ ವರ್ಷ ನೀರು ಕೆಳಗೆ ಇಳಿದಷ್ಟೂ ಕೊಡ ಹೊತ್ತವರು ಮೆಟ್ಟಿಲು ಇಳೀತಾ ಹೋಗಬಹುದು. ಗೋಡೆಯಲ್ಲಿ ಆನೆಗಳು, ಸಿಂಹಗಳು, ದೇವರ ಗೂಡುಗಳು, ನೀರು ಸುರಿಯೋ ಹಸುಮುಖಗಳು.

ಮಾರ್ವಾಡದಲ್ಲಿ ರಾಜಮನೆತನದ ಹೆಂಗಸರು ಕೆರೆ, ಬಾವಿ ಕಟ್ಟಿಸೋದು ರೂಢಿ. ಪುಣ್ಯದ ಕೆಲಸ ಅಂತ. ನೀರು ತರೋದು ಊರ ಹೆಂಗಸರ ಕೆಲಸ. ಹಾಗಾಗಿ ಬಾವಿಕಟ್ಟೆ ಅವರು ಮನೆಯಿಂದ ಹೊರಗೆ ಬಂದು ಕೂತು ಮಾತಾಡಬಹುದಾಗಿದ್ದ ಜಾಗವೂ ಹೌದು. ಜಾಲಿ ಹಿಂದಿನ ಹೆಣ್ಣೊಬ್ಬಳು ಊರ ನಡುವೆ ಬಟಾಬಯಲಲ್ಲಿ ಇಂಥದ್ದೊಂದು ಕಟ್ಟಿಸಿದಳು ಅನ್ನೋದು ನನಗೆ ಅವಳ ಗಂಡನ ಅರಮನೆಗಿಂತ ದೊಡ್ಡದಾಗಿ ಕಾಣುತ್ತೆ.

ಆಮೇಲೆ ನಲ್ಲಿ ಬಂತು. ನಲ್ಲಿ ಬಂದ ಊರಲ್ಲಿ ಬಾವಿಗೆ ಏನಾಗುತ್ತೆ ಅಂತ ನಿಮಗೂ ಗೊತ್ತು. 1990ರ ದಶಕದ ಕೊನೆಗೆ ಇಂದಿರಾ ಗಾಂಧಿ ನಾಲೆಯ ನೀರು ಏತ ಕಾಲುವೆ ಮೂಲಕ ಜೋಧ್‌ಪುರಕ್ಕೆ ಧಾರಾಳವಾಗಿ ಹರಿಯತೊಡಗಿತು. ಬಾವಿಯಿಂದ ನೀರು ಸೇದೋರೇ ಇಲ್ಲವಾಯ್ತು. ಆಗ ಯಾರೂ ಎಣಿಸದ ಒಂದು ತಮಾಷೆ ನಡೀತು, ತಮಾಷೆ ಅನ್ನೋ ಹಾಗೂ ಇಲ್ಲ: ಮರುಭೂಮಿ ಊರಲ್ಲಿ ಅಂತರ್ಜಲ ಮೇಲೇರಿ, ಹಳೇ ಪೇಟೆಯ ಅಂಗಡಿಗಳ ನೆಲಮಾಳಿಗೆಗೆ ನೀರು ನುಗ್ಗಿತು. ಪಂಪು ಇಟ್ಟು ಹೊರಗೆ ಹಾಕಬೇಕಾಯ್ತು. ಝಾಲ್ರಾ ಅಂತೂ ಕೊಳೆತ ನೀರು, ಕಸ, ಹೂಳಿನಿಂದ ತುಂಬಿ, ದಶಕಗಟ್ಟಲೆ ಅದರ ಮೆಟ್ಟಿಲು ಯಾರ ಕಣ್ಣಿಗೂ ಬೀಳಲಿಲ್ಲ.

ಅದನ್ನ ಖಾಲಿ ಮಾಡಿಸಿ, ಹೂಳೆತ್ತಿಸಿ, ಕಲ್ಲಿಗೆ ಹತ್ತಿದ್ದ ಬಿಳಿ ಪದರ ಕೆರೆಸಿದ್ದು ಈ ಹೋಟೆಲ್ಲಿನವರು ಶುರು ಮಾಡಿದ ಕೆಲಸ. ಊರು ಬಿಟ್ಟುಬಿಟ್ಟಿದ್ದನ್ನ ಅವರು ಎತ್ತಿಕೊಂಡರು, ಅದನ್ನ ಒಪ್ಪಲೇಬೇಕು. ಅದರ ಹಿಂದೆಯೇ ಸುತ್ತಲಿನ ಹಳೇ ಮನೆಗಳು ಕೆಫೆ, ಬಟ್ಟೆ ಬುಟಿಕ್ ಆದವು, ಅದನ್ನೂ ನೋಡಬೇಕು. ಬಾವಿಕಟ್ಟೆ ಮೇಲೆ ಈಗ ಕೊಡದ ಜಾಗದಲ್ಲಿ ಕ್ಯಾಮೆರಾ.

ಇದೇ ಊರಿನ ಇನ್ನೊಂದು ಹೋಟೆಲ್ ನಿಮಗೆ ಗೊತ್ತಿರಬಹುದು, ಉಮೇದ್ ಭವನ್. 1929ರಲ್ಲಿ ಶುರುವಾಗಿ 1943ರಲ್ಲಿ ಮುಗಿದ, 347 ಕೋಣೆಗಳ ಅರಮನೆ. ಬರಗಾಲದಲ್ಲಿ ಜನಕ್ಕೆ ಕೂಲಿ ಸಿಗಲಿ ಅಂತ ಕಟ್ಟಿಸಿದ್ದು ಅಂತಾರೆ. ಒಂದು ಭಾಗ ಹೋಟೆಲ್, ಒಂದು ಭಾಗ ಮ್ಯೂಸಿಯಂ, ಇನ್ನೊಂದರಲ್ಲಿ ರಾಜಮನೆತನ. ಅದು ಊರಿಂದ ದೂರ, ಗುಡ್ಡದ ಮೇಲೆ ಒಂಟಿ. ರಾಸ್ ಹಾಗಲ್ಲ. ಗಲ್ಲಿಯ ಆಟೋ ಹಾರ್ನು, ಪಕ್ಕದ ಮನೆಯ ಒಗ್ಗರಣೆ ವಾಸನೆ ಎರಡೂ ಅದರ ಗೋಡೆಗೆ ತಾಗಿಕೊಂಡೇ ಇವೆ. ನನಗೆ ಎರಡನೆಯದೇ ಇಷ್ಟ.

ಸಂಜೆ ಝಾಲ್ರಾದ ಮೆಟ್ಟಿಲ ಮೇಲೆ ಕೂತಿದ್ದೆ. ಹತ್ತು ಹನ್ನೆರಡು ವರ್ಷದ ನಾಲ್ಕೈದು ಹುಡುಗರು ಮೇಲಿನ ಕಟ್ಟೆಯಿಂದ ಹಸಿರು ನೀರಿಗೆ ಧುಮುಕ್ತಾ ಇದ್ದರು. ಪ್ರತಿ ಸಲ ಧುಮುಕೋ ಮೊದಲು ಪ್ರವಾಸಿಗರ ಕಡೆ ತಿರುಗಿ, ವಿಡಿಯೋ ಆನ್ ಮಾಡಿದಾರಾ ಅಂತ ಖಾತ್ರಿ ಮಾಡ್ಕೋತಿದ್ರು. ನಾನು ಕೂತಿದ್ದಷ್ಟು ಹೊತ್ತೂ ಕೊಡ ಹಿಡಿದು ಬಂದ ಹೆಂಗಸು ಒಬ್ಬರೂ ಕಾಣಲಿಲ್ಲ. ಒಬ್ಬ ಅಜ್ಜಿ ಮಾತ್ರ ಮೊಮ್ಮಗನ ಅಂಗಿ ಕೈಯಲ್ಲಿ ಹಿಡಕೊಂಡು, ಸಾಕು ಬಾರೋ ಅನ್ನೋ ಹಾಗೆ ಕೂಗ್ತಾ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದರು. ಅವನು ಇನ್ನೊಂದು ಸಲ ಹಾರಿದ.

ಇವತ್ತಿಗೆ ಇಷ್ಟು. ನಿಮ್ಮೂರಲ್ಲಿ ಮುಚ್ಚಿಹೋದ ಕಲ್ಯಾಣಿ ಇದ್ರೆ ಅದರ ಕಥೆ ನಮಗೆ ವಾಯ್ಸ್ ಮೆಸೇಜ್ ಮಾಡಿ. ಮುಂದಿನ ಕಂತಿನಲ್ಲಿ ಸಿಗೋಣ.