ಪದ ಪರಿಚಯ: ಕರೆ

ಅಪರಾಧ ವರದಿಗಳಲ್ಲಿ 'ರಕ್ತದ ಕಲೆ' ಎಂದು ಬರೆಯುವುದು ರೂಢಿ. ಆದರೆ ಆ ರಕ್ತ ಬಿದ್ದು ಎಷ್ಟು ಹೊತ್ತಾಯಿತು ಎಂಬ ಪ್ರಶ್ನೆ ಎದ್ದಾಗ 'ಕರೆ' ಎಂಬುದೇ ಹೆಚ್ಚು ಒಪ್ಪುವ ಮಾತು. ಹಳಗನ್ನಡದಲ್ಲಿ ಇದು ಶಕಟರೇಫದ 'ಕಱೆ'. ಕೂಗುವ ಅರ್ಥದ 'ಕರೆ'ಗೂ ಇದಕ್ಕೂ ನಂಟಿಲ್ಲ. ಕಪ್ಪು, ಕಲೆ ಎರಡೂ ಇದರ ಅರ್ಥ. ಶಿವನನ್ನು 'ಕಱೆಗೊರಲ' ಎಂದದ್ದು ನಂಜಿನಿಂದ ಕೊರಳು ಕಪ್ಪಾದದ್ದಕ್ಕೆ. ತಮಿಳಿನಲ್ಲಿ ಇಂದಿಗೂ ನೆತ್ತರ ಕಲೆಗೆ 'ಕಱೈ' ಎನ್ನುತ್ತಾರೆ. ಬಾಳೆಕಾಯಿ ಹೆಚ್ಚಿದ ಕೈಯನ್ನು ನೋಡಿ: ಸೊನೆ ತಾಗಿದಾಗ ಬಣ್ಣ ಕಾಣುವುದಿಲ್ಲ, ಗಾಳಿಗೆ ಆರುತ್ತ ಬೆರಳ ಸಂದಿಯೆಲ್ಲ ಕಪ್ಪಾಗುತ್ತದೆ. 'ಕರೆ ಹಿಡಿಯಿತು' ಎನ್ನುವುದು ಅದನ್ನೇ. ಹೊತ್ತು ಕಳೆದಂತೆ ಕಪ್ಪಾಗುವ ಕ್ರಿಯೆ ಈ ಪದದೊಳಗೇ ಇದೆ.

ನೆತ್ತರಿನಲ್ಲೂ ಆಗುವುದು ಇದೇ ಬಗೆಯದು. ಮೈಯಿಂದ ಹೊರಬಿದ್ದ ಹಿಮೋಗ್ಲೋಬಿನ್ ಗಾಳಿಯ ಆಮ್ಲಜನಕ ಹೀರಿ ಕೆಂಪಾಗಿರುತ್ತದೆ. ಅದರ ಕಬ್ಬಿಣ ಉತ್ಕರ್ಷಣಗೊಂಡು ಮೆಟ್‌ಹಿಮೋಗ್ಲೋಬಿನ್, ಆಮೇಲೆ ಹೆಮಿಕ್ರೋಮ್ ಆಗುತ್ತ ಕಲೆ ಕಂದುಗಪ್ಪಿಗೆ ತಿರುಗುತ್ತದೆ. ವಿಧಿವಿಜ್ಞಾನಿಗಳು ಕಲೆಯಿಂದ ಮರಳುವ ಬೆಳಕನ್ನು ಅಳೆದು, ಇವುಗಳ ಪ್ರಮಾಣದಿಂದ ಅದರ ವಯಸ್ಸನ್ನು ಅಂದಾಜಿಸುತ್ತಾರೆ. ಬಿಸಿಲು, ಸೆಕೆ, ತೇವ, ಬಟ್ಟೆಯ ಬಗೆ ಎಲ್ಲವೂ ಆ ವೇಗವನ್ನು ಬದಲಿಸುತ್ತವೆ, ಬಣ್ಣವನ್ನು ಗಡಿಯಾರದಂತೆ ನಂಬಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಒಬ್ಬರ ಬದುಕೇ ಆ ಅಂದಾಜಿನ ಮೇಲೆ ನಿಲ್ಲಬಹುದಾದ್ದರಿಂದ ಅದನ್ನು ಮರೆಯಲೂಬಾರದು. ಆದರೆ 'ಕರೆ' ಗಂಟೆಯ ಲೆಕ್ಕ ಕೊಡುವುದಿಲ್ಲ, ಬದಲಾಗುವ ದಿಕ್ಕನ್ನಷ್ಟೇ ಹೇಳುತ್ತದೆ. 'ಕಲೆ' ಅಷ್ಟನ್ನೂ ಹೇಳದು. ಬಟ್ಟೆಯ ಮೇಲಿನ ಸುಣ್ಣದ ಬಿಳಿ ಮಚ್ಚೆಯೂ ಕಲೆಯೇ.