ಕನ್ನಡ ಕರಾವಳಿಯ ನೌಕಾಬಲ



ಗದಗಿನ ಸಮೀಪದಲ್ಲಿ ಕಣಗಿನಹಾಳವೆಂಬ ಗ್ರಾಮವೊಂದಿದೆ. ಅದು ಎರೆಯ ನೆಲದ ಬಯಲು ಸೀಮೆ. ಜೋಳ ಹತ್ತಿಗಳ ಹೊಲಗಳ ನಡುವೆ ನಿಂತು ಯಾರಾದರೂ ಕಡಲಿನ ಮಾತನ್ನು ಎತ್ತಿದರೆ ಕೇಳಿದವರು ನಕ್ಕಾರು. ಆದರೂ ಹಡಗುಗಳನ್ನು ಕುರಿತ ಈ ಭಾಷಣವನ್ನು ನಾನು ಆ ಊರಿನಿಂದಲೇ ಆರಂಭಿಸುವುದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಹತ್ತಿ. ರೈಲು ಬರುವುದಕ್ಕೆ ಮುಂಚೆ, 19ನೆಯ ಶತಮಾನದಲ್ಲಿ, ಧಾರವಾಡ ಗದಗಗಳ ಕಡೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವನ್ನಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಹಾಯಿಯ ಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದುದು ಬಯಲು ಸೀಮೆಯಲ್ಲಿ. ಪೇಟೆಯಲ್ಲಿ ಅದಕ್ಕೆ ಬಂದ ಹೆಸರು ಮಾತ್ರ ‘ಕುಮಟಾ ಹತ್ತಿ’. ಕಡಲನ್ನು ಕಾಣದ ರೈತನ ಬೆಳೆಗೆ ಕಡಲೂರಿನ ಹೆಸರು ನಿಂತಿತು. ಕಡಲ ದಾರಿ ಸುಗಮವಾಗಿದ್ದರೆ ಆ ರೈತನ ಮನೆಯಲ್ಲಿ ದೀಪ. ಅಲ್ಲಿ ಯುದ್ಧವೋ ದರೋಡೆಯೋ ಹುಟ್ಟಿದರೆ ಆತನ ಹತ್ತಿ ಗೋದಾಮಿನಲ್ಲೇ ಉಳಿಯಬೇಕು.

ಎರಡನೆಯದು ಆ ಊರಿನ ಕೀರ್ತಿ. 1905ರ ಜುಲೈ 8ರಂದು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತು. ಭಾರತದ ಸಹಕಾರ ಚಳವಳಿಯ ಇತಿಹಾಸದಲ್ಲಿ ಅದಕ್ಕೆ ಮೊದಲ ಸಾಲಿನ ಸ್ಥಾನವಿದೆ. ‘ಪತ್ತು’ ಎಂಬ ಮಾತನ್ನು ದಯವಿಟ್ಟು ಗಮನಿಸಬೇಕು. ಪತ್ತು ಎಂದರೆ ಹಣವಲ್ಲ; ಒಬ್ಬನ ಮಾತಿನ ಮೇಲೆ ಮತ್ತೊಬ್ಬನು ಇಡುವ ಭರವಸೆ. ನೌಕಾಬಲವೂ ಕೊನೆಗೆ ಇಂಥದೊಂದು ಪತ್ತಿನ ವ್ಯವಹಾರವೇ ಎಂಬುದನ್ನು ಕನ್ನಡ ಕರಾವಳಿಯ ಚರಿತ್ರೆ ನಮಗೆ ತೋರಿಸಿಕೊಡುತ್ತದೆ. ಈ ಹೊತ್ತು ನಾನು ನಿಮ್ಮ ಮುಂದಿಡಬೇಕೆಂದಿರುವುದು ಇಷ್ಟೇ.

ಒಳನಾಡಿನ ಅರಸರು ಕಡಲನ್ನು ಆಳಿದುದು ನಮ್ಮಲ್ಲಿ ಹೊಸದಲ್ಲ. ಐಹೊಳೆಯ ಮೇಗುತಿ ದೇವಾಲಯದ ಗೋಡೆಯಲ್ಲಿ 634ರ ಸುಮಾರಿನ ಶಾಸನವೊಂದಿದೆ. ಬಾದಾಮಿಯ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಅದರಲ್ಲಿ ವರ್ಣಿಸಿದವನು ರವಿಕೀರ್ತಿ. ಪಶ್ಚಿಮ ಸಮುದ್ರದ ಸಂಪತ್ತೆನಿಸಿದ್ದ ಪುರಿಯೆಂಬ ಪಟ್ಟಣವನ್ನು ಆ ಅರಸನು ನೂರಾರು ನಾವೆಗಳಿಂದ ಮುತ್ತಿದನೆಂದು ಹೇಳುವಾಗ ಕವಿಯು ಆ ನಾವೆಗಳನ್ನು ಮದಗಜಗಳಿಗೆ ಹೋಲಿಸುತ್ತಾನೆ. ಆನೆಯನ್ನು ಬಲ್ಲ ನಾಡಿನವನಿಗೆ ಹಡಗೂ ಆನೆಯಂತೆ ಕಂಡುದು ಸಹಜ. ಧಾರವಾಡದ ಹತ್ತಿರದ ನರೇಂದ್ರದಲ್ಲಿ 12ನೆಯ ಶತಮಾನದ ಮತ್ತೊಂದು ಶಾಸನವಿದೆ. ಗೋವೆಯ ಕದಂಬರಲ್ಲಿ ಚಟ್ಟಯದೇವನು ಹಡಗುಗಳ ಸಾಲಿನಿಂದ ಲಂಕೆಯವರೆಗೆ ಸೇತುವೆಯನ್ನೇ ಕಟ್ಟಿದನೆಂಬ ಹೊಗಳಿಕೆ ಅದರಲ್ಲಿದೆ. ಅತಿಶಯೋಕ್ತಿಯನ್ನು ಕಳೆದರೂ ಉಳಿಯುವ ನಿಜವೇನೆಂದರೆ, ಕದಂಬರು ಕಡಲ ತೀರದಲ್ಲಿಯೇ ರಾಜಧಾನಿಯನ್ನಿಟ್ಟುಕೊಂಡು ನಾವಿಕರ ನಡುವೆ ಬಾಳಿದ ಅರಸರು. ಅವರ ಬಲಕ್ಕೆ ಇದೇ ಮೂಲ.

ಅರಸನೂ ನಾವಿಕನೂ ಬೇರೆಬೇರೆಯಾದಾಗ ಏನಾಯಿತೆಂಬುದನ್ನು ಈಗ ನೋಡೋಣ. 16ನೆಯ ಶತಮಾನದ ಆರಂಭದಲ್ಲಿ ಶರಾವತಿಯ ಅಳಿವೆಯ ಹೊನ್ನಾವರದಲ್ಲಿ ತಿಮ್ಮಯ್ಯನೆಂಬ ನೌಕಾನಾಯಕನಿದ್ದನು. ಪೋರ್ಚುಗೀಸರ ಬರಹಗಳಲ್ಲಿ ಆತನ ಹೆಸರು ತಿಮೋಜ. ಅವರು ಆತನನ್ನು ಕಡಲುಗಳ್ಳನೆಂದು ಕರೆದರು. ಆದರೆ ಈ ತೀರದ ಪ್ರತಿಯೊಂದು ಅಳಿವೆಯ ಆಳವನ್ನೂ ಗಾಳಿಯ ಗುಣವನ್ನೂ ಬಲ್ಲವನೆಂದು ಒಪ್ಪಿಕೊಂಡರು. 1505ರಲ್ಲಿ ಅಲ್ಮೇಡನು ಹೊನ್ನಾವರದ ಮೇಲೆ ಬಿದ್ದು ಅಲ್ಲಿನ ಹಡಗುಗಳನ್ನು ಸುಟ್ಟನು. ಆಗ ತಿಮ್ಮಯ್ಯನ ಬೆನ್ನಿಗೆ ದೊಡ್ಡ ರಾಜ್ಯದ ನೌಕಾಪಡೆ ಯಾವುದೂ ಬಂದು ನಿಲ್ಲಲಿಲ್ಲ. ವಿಜಯನಗರದ ಬಲವು ಕುದುರೆಯಲ್ಲಿತ್ತು, ಆನೆಯಲ್ಲಿತ್ತು, ಕಡಲಿನಲ್ಲಿರಲಿಲ್ಲ. ಐದು ವರ್ಷಗಳ ತರುವಾಯ ಅಲ್ಬುಕರ್ಕನಿಗೆ ಗೋವೆಯನ್ನು ಹಿಡಿಯುವಂತೆ ಸಲಹೆ ಕೊಟ್ಟು, ತನ್ನ ಹಡಗುಗಳೊಡನೆ ಜೊತೆಗೂಡಿದವನು ಈ ತಿಮ್ಮಯ್ಯನೇ. 1510ರ ನವೆಂಬರ್ 25ರಂದು ಗೋವೆ ಎರಡನೆಯ ಬಾರಿ ಪೋರ್ಚುಗೀಸರ ವಶವಾಯಿತು. 451 ವರ್ಷ ಅವರಲ್ಲಿಯೇ ಉಳಿಯಿತು. ತಿಮ್ಮಯ್ಯನಿಗೆ ಸ್ವಲ್ಪ ಕಾಲ ಕಂದಾಯದ ಅಧಿಕಾರ ದೊರೆಯಿತು, ಬಯಸಿದ ರಾಜ್ಯ ದೊರೆಯಲಿಲ್ಲ. ಆತನನ್ನು ದ್ರೋಹಿಯೆಂದು ಜರೆಯುವುದು ಸುಲಭ. ಆದರೆ ತನ್ನ ಕಡಲಿಗನನ್ನು ತನ್ನವನನ್ನಾಗಿ ಉಳಿಸಿಕೊಳ್ಳದ ನಾಡಿಗೂ ಆ ದೋಷದಲ್ಲಿ ಪಾಲಿದೆ.

ಈ ಪಾಠವು ಮತ್ತೂ ಸ್ಪಷ್ಟವಾಗಿ ಕಾಣುವುದು ಹೈದರಾಲಿಯ ಕಾಲದಲ್ಲಿ. 1763ರಲ್ಲಿ ಬಿದನೂರನ್ನು ಗೆದ್ದಾಗ ಕೆಳದಿಯ ಅರಸರ ಬಂದರುಗಳೂ ಆತನ ಕೈಸೇರಿದುವು. ಮಂಗಳೂರು, ಹೊನ್ನಾವರಗಳನ್ನು ಪಡೆದ ಹೈದರನು ಹಡಗುಗಳನ್ನು ಕಟ್ಟಿಸಿದನು. ಘಟ್ಟದಲ್ಲಿ ತೇಗವಿತ್ತು, ತೀರದಲ್ಲಿ ಕಸುಬು ಬಲ್ಲ ಬಡಗಿಗಳಿದ್ದರು, ಖಜಾನೆಯಲ್ಲಿ ಹಣವಿತ್ತು. ಕೊರತೆಯಾದುದು ಒಂದೇ. ಆತನು ಲುತ್ಫ್ ಅಲಿ ಬೇಗನೆಂಬ ಕುದುರೆ ಸೈನ್ಯದ ಸರದಾರನನ್ನು ತಂದು ನೌಕಾಪಡೆಯ ಮೇಲೆ ಕೂರಿಸಿದನು. ಉಪ್ಪುನೀರಿನಲ್ಲಿ ಬೆಳೆದ ಹಡಗಿನ ನಾಯಕರಿಗೆ ಇದು ಸಹಿಸಲಾರದ ಅವಮಾನವಾಯಿತು. 1768ರಲ್ಲಿ ಮುಂಬಯಿಯಿಂದ ಇಂಗ್ಲಿಷರ ಹಡಗುಗಳು ಹೊನ್ನಾವರದೆದುರು ಕಾಣಿಸಿಕೊಂಡಾಗ, ಹೈದರನ ಎರಡು ದೊಡ್ಡ ಹಡಗುಗಳೂ ಎರಡು ಗುರಾಬಗಳೂ ಹತ್ತು ಗಲಬತ್ತುಗಳೂ ಕಾದಾಡುವ ಬದಲು ಶತ್ರುವಿನ ಸಾಲಿಗೆ ಸೇರಿಕೊಂಡುವು. ಮರ ಕೊಳೆತಿರಲಿಲ್ಲ, ತೋಪು ಕೆಟ್ಟಿರಲಿಲ್ಲ, ಪತ್ತು ಹೋಗಿತ್ತು. ಮಂಗಳೂರನ್ನು ಹೈದರನು ಅದೇ ವರ್ಷ ನೆಲದ ಮೇಲಿಂದ ಬಂದು ಮರಳಿ ಪಡೆದನು. ಆದರೆ ಹೊಸದಾಗಿ ಕಟ್ಟಿದ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸನು ಮಂಗಳೂರಿನ ಬಂದರಿನಲ್ಲಿಯೇ ನಾಶಮಾಡಿದನು.

ಟಿಪ್ಪುವು ತಂದೆಗಿಂತ ದೊಡ್ಡ ಯೋಜನೆಯನ್ನು ಹಾಕಿದನು. 1786ರಲ್ಲಿ ಆತನ ರಾಯಭಾರಿಗಳು ತದಡಿಯ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಕಾನ್‌ಸ್ಟಾಂಟಿನೋಪಲಿನ ಕಡೆಗೆ ಹೊರಟರು. 1796ರ ಆಜ್ಞೆಯಲ್ಲಿ ಹನ್ನೊಂದು ಮಂದಿಯ ನೌಕಾ ಮಂಡಲಿ, ಅದರ ಕೈಕೆಳಗೆ ಮೂವತ್ತು ನೌಕಾಧಿಪತಿಗಳು, 20 ಯುದ್ಧದ ಸಾಲಿನ ಹಡಗುಗಳೂ 20 ಫ್ರಿಗೇಟುಗಳೂ ಸೇರಿ 40 ನೌಕೆಗಳು ಎಂದು ಲೆಕ್ಕ ಹಾಕಿತ್ತು. ಅವುಗಳಿಗೆ ಮಂಗಳೂರು, ಮಿರ್ಜಾನಿನ ಹೊಳೆ, ಸದಾಶಿವಗಡ ಎಂಬ ಮೂರು ನೆಲೆಗಳು. ಕಾಗದದ ಮೇಲೆ ಇದು ಯಾವ ಯೂರೋಪಿನ ರಾಜ್ಯವೂ ನಾಚದಂತಹ ಏರ್ಪಾಡು. ಆದರೆ ಮೂರು ವರ್ಷ ತುಂಬುವುದರೊಳಗೆ, 1799ರ ಮೇ 4ರಂದು, ಶ್ರೀರಂಗಪಟ್ಟಣವು ಬಿದ್ದಿತು. ಹಡಗನ್ನು ವರ್ಷದಲ್ಲಿ ಕಟ್ಟಬಹುದು. ಹಡಗಿನವನನ್ನು ಕಟ್ಟುವುದಕ್ಕೆ ಒಂದು ತಲೆಮಾರು ಬೇಕು. ಆ ಕಾಲಾವಕಾಶವು ಟಿಪ್ಪುವಿಗೆ ದೊರೆಯಲಿಲ್ಲ.

ಮೈಸೂರಿನ ಹೆಸರು ಮತ್ತೆ ಕಡಲನ್ನೇರಿದುದು ಸ್ವತಂತ್ರ ಭಾರತದಲ್ಲಿ. ‘ನೈಜೀರಿಯ’ ಎಂಬ ಬ್ರಿಟಿಷ್ ಕ್ರೂಸರು 1942ರ ಆಗಸ್ಟಿನಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಇಟಲಿಯ ಜಲಾಂತರ್ಗಾಮಿಯೊಂದರ ಟಾರ್ಪೆಡೊ ಪೆಟ್ಟನ್ನು ತಿಂದೂ ಮುಳುಗದೆ ಉಳಿದಿತ್ತು. ಅದನ್ನು ಕೊಂಡು, 1957ರ ಆಗಸ್ಟ್ 29ರಂದು ‘ಮೈಸೂರು’ ಎಂಬ ಹೆಸರಿನಿಂದ ನಮ್ಮ ನೌಕಾದಳಕ್ಕೆ ಸೇರಿಸಿಕೊಂಡರು. ಅದರ ಲಾಂಛನ ಗಂಡಭೇರುಂಡ. 1961ರ ಡಿಸೆಂಬರ್ 18ರಂದು, ಕಾರವಾರದೆದುರಿನ ಅಂಜದೀವ ದ್ವೀಪಕ್ಕೆ ನಮ್ಮ ನಾವಿಕರು ಇಳಿದಾಗ ‘ತ್ರಿಶೂಲ’ದೊಡನೆ ಜೊತೆಗಿದ್ದುದು ಈ ‘ಮೈಸೂರು’. ಏಳು ಮಂದಿ ನಾವಿಕರು ಅಲ್ಲಿ ಪ್ರಾಣವನ್ನೊಪ್ಪಿಸಿದರು. 1498ರಲ್ಲಿ ವಾಸ್ಕೋ ಡ ಗಾಮನು ತಂಗಿದ್ದ ದ್ವೀಪವೇ ಅದು. ಕ್ರೂಸರು 1985ರಲ್ಲಿ ನಿವೃತ್ತವಾಯಿತು. 1999ರಲ್ಲಿ ಮುಂಬಯಿಯಲ್ಲಿಯೇ ಕಟ್ಟಿದ ಹೊಸದೊಂದು ನಾಶಕ ನೌಕೆಯು ಅದೇ ಹೆಸರನ್ನು ಹೊತ್ತಿತು.

ಜಲಾಂತರ್ಗಾಮಿಯ ವಿಚಾರವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಒಡಲಿನ ತೊಟ್ಟಿಗಳಿಗೆ ಕಡಲ ನೀರನ್ನು ತುಂಬಿಕೊಂಡರೆ ಅದು ಮುಳುಗುತ್ತದೆ. ಒತ್ತಿದ ಗಾಳಿಯಿಂದ ಆ ನೀರನ್ನು ಹೊರದೂಡಿದರೆ ಮೇಲೇಳುತ್ತದೆ. ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕಾದುದರಿಂದ, ನೀರಿನಡಿಯಲ್ಲಿ ಅದು ಸಾಗುವುದು ಬ್ಯಾಟರಿಯ ಬಲದಿಂದ. ನಮ್ಮ ಮೊದಲ ಜಲಾಂತರ್ಗಾಮಿ ‘ಕಲ್ವರಿ’ ನೌಕಾದಳಕ್ಕೆ ಸೇರಿದುದು 1967ರ ಡಿಸೆಂಬರ್ 8ರಂದು, ಸೋವಿಯತ್ ದೇಶದಲ್ಲಿ. ಐವತ್ತು ವರ್ಷಗಳ ತರುವಾಯ, 2017ರ ಡಿಸೆಂಬರ್ 14ರಂದು, ಅದೇ ಹೆಸರಿನ ಮತ್ತೊಂದು ನೌಕೆಯು ಸೇರಿತು. ಇದು ಫ್ರೆಂಚ್ ನಕ್ಷೆಯ ಮೇಲೆ ಮುಂಬಯಿಯಲ್ಲಿ ಕಟ್ಟಿದುದು. ಉದ್ದ ಸುಮಾರು 67 ಮೀಟರು. 2025ರ ವೇಳೆಗೆ ಈ ಜಾತಿಯ ಆರು ನೌಕೆಗಳು ಪೂರ್ಣವಾದುವು. ಆ ಇಕ್ಕಟ್ಟಿನ ಉಕ್ಕಿನ ಕೊಳವೆಯೊಳಗೆ ಒಬ್ಬನು ಒಂದು ಮುಚ್ಚಳವನ್ನು ಮರೆತರೆ ಎಲ್ಲರೂ ಹೋದರು. ಅಲ್ಲಿ ಮೇಲಿನವನಿಗೂ ಕೆಳಗಿನವನಿಗೂ ಇರುವ ಆಸ್ತಿ ಒಂದೇ: ಪರಸ್ಪರ ನಂಬಿಕೆ.

ಆ ನಂಬಿಕೆಯ ಬೆಲೆಯನ್ನು 1971ರ ಡಿಸೆಂಬರ್ 9ರ ರಾತ್ರಿ ನಾವು ಕಂಡೆವು. ದೀವಿನ ಸಮೀಪದಲ್ಲಿ ‘ಖುಕ್ರಿ’ ಎಂಬ ನಮ್ಮ ಫ್ರಿಗೇಟನ್ನು ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿಯು ಮುಳುಗಿಸಿತು. ಹದಿನೆಂಟು ಅಧಿಕಾರಿಗಳೂ 176 ನಾವಿಕರೂ ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ಕೈಗೆಟುಕಿದವರನ್ನೆಲ್ಲ ಹೊರಕ್ಕೆ ಕಳುಹಿಸಿ, ತಾವು ಹಡಗಿನೊಡನೆಯೇ ಉಳಿದರು. 1768ರ ಹೊನ್ನಾವರವನ್ನೂ 1971ರ ಆ ರಾತ್ರಿಯನ್ನೂ ಒಂದರ ಪಕ್ಕದಲ್ಲೊಂದನ್ನು ಇಟ್ಟು ನೋಡಿರಿ. ಮೊದಲನೆಯದರಲ್ಲಿ ಹಡಗುಗಳು ಉಳಿದುವು, ನೌಕಾಪಡೆ ಸತ್ತಿತು. ಎರಡನೆಯದರಲ್ಲಿ ಹಡಗು ಹೋಯಿತು, ನೌಕಾಪಡೆ ಬದುಕಿತು.

ಇಂದು ಟಿಪ್ಪುವಿನ ಸದಾಶಿವಗಡಕ್ಕೆ ಅನತಿದೂರದಲ್ಲಿ, ಕಾರವಾರದ ದಕ್ಷಿಣಕ್ಕೆ, ‘ಕದಂಬ’ವೆಂಬ ನೌಕಾನೆಲೆ ಇದೆ. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರ ಮೇ 31ರಂದು ಕಾರ್ಯಾರಂಭವಾದ ಈ ನೆಲೆಯಲ್ಲಿ 10,000 ಟನ್ ತೂಕದ ಹಡಗನ್ನು ನೀರಿನಿಂದ ಎತ್ತಿ ದಡಕ್ಕಿಡುವ ಯಂತ್ರವಿದೆ. ‘ವಿಕ್ರಮಾದಿತ್ಯ’ವೆಂಬ ವಿಮಾನವಾಹಕ ನೌಕೆಯು 2014ರ ಜನವರಿಯಲ್ಲಿ ಇಲ್ಲಿಗೇ ಬಂದು ತಂಗಿತು. ಊರಿನ ಕಡಲಂಡೆಯಲ್ಲಿ ‘ಚಪಲ’ವೆಂಬ ಕ್ಷಿಪಣಿ ದೋಣಿಯು ತನ್ನ ಸೇವೆಯನ್ನು ಮುಗಿಸಿ, ಮಕ್ಕಳು ಹತ್ತಿ ನೋಡುವ ವಸ್ತುಸಂಗ್ರಹಾಲಯವಾಗಿ ನಿಂತಿದೆ.

ಆದರೆ ಅಲ್ಲಿಯೇ ಇನ್ನೊಂದು ಲೆಕ್ಕವೂ ಇದೆ. ಈ ನೆಲೆಗಾಗಿ ಅರಗಾ, ಬಿಣಗಾ ಮೊದಲಾದ ತೀರದ ಗ್ರಾಮಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದುವು. ಅವರಲ್ಲಿ ಬಲೆ ಬೀಸಿ ಬದುಕುತ್ತಿದ್ದವರು ಬಹುಮಂದಿ. ಅವರ ಪರಿಹಾರದ ಮೊಕದ್ದಮೆಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಏರಿ ವರ್ಷಗಟ್ಟಲೆ ನಡೆದುವು. ದೇಶಕ್ಕೆ ಆ ನೆಲೆ ಬೇಕೇ ಎಂದು ಕೇಳಿದರೆ, ಬೇಕು ಎಂದೇ ನಾನು ಹೇಳುತ್ತೇನೆ. ಆದರೆ ತಿಮ್ಮಯ್ಯನ ಕಥೆಯನ್ನು ಓದಿದವನು ಅಲ್ಲಿಗೇ ಮಾತನ್ನು ನಿಲ್ಲಿಸಲಾರನು. ಕಡಲನ್ನು ಕಾಯುವ ಮೊದಲ ಕಣ್ಣು ಮೀನುಗಾರನದು. ಕತ್ತಲೆಯಲ್ಲಿ ಬರುವ ಪರದೋಣಿಯನ್ನು ಮೊದಲು ಗುರುತಿಸುವವನು ಅವನೇ. ಅವನ ಮನೆಯನ್ನು ಪಡೆದ ರಾಜ್ಯವು ಅವನಿಗೆ ಕೊಟ್ಟ ಮಾತನ್ನು ಕಾಲಕ್ಕೆ ಸಲ್ಲಿಸಬೇಕು. ಅದು ಬರಿಯ ಕರುಣೆಯಲ್ಲ. ನೌಕಾನೀತಿಯ ಒಂದು ಅಂಗ.

ಕಣಗಿನಹಾಳದ ರೈತರು 1905ರಲ್ಲಿ ಕಂಡುಕೊಂಡುದು ಇದನ್ನೇ. ಸಂಘದ ತಿಜೋರಿಯಲ್ಲಿ ಇರುವ ಹಣಕ್ಕಿಂತ, ಸದಸ್ಯನ ಮಾತಿಗೆ ಇರುವ ಬೆಲೆ ದೊಡ್ಡದು. ತೀರದವನ ಪತ್ತು ಕೆಡದಂತೆ ನೋಡಿಕೊಂಡರೆ, ಬಯಲು ಸೀಮೆಯವನು ತನ್ನ ಹತ್ತಿಯನ್ನು ಗಾಡಿಗೆ ಹೇರಿ ನಿಶ್ಚಿಂತನಾಗಿ ನಿದ್ರಿಸಬಹುದು.