ಮಾದರಿ ವಿಮಾನಗಳಿಗೆ ಡೆಕಾಲ್ ಅಂಟಿಸುವ ಕ್ರಮ

ಬೆಂಗಳೂರಿನ ಎಚ್.ಎ.ಎಲ್. ನಿರ್ಮಿಸಿದ, 1961ರ ಜೂನ್ 17ರಂದು ಮೊದಲು ಹಾರಿದ ಎಚ್.ಎಫ್.-24 ಮಾರುತ್ ಯುದ್ಧವಿಮಾನದ 1:72 ಪ್ರಮಾಣದ ಮಾದರಿಯನ್ನು ನಾವು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೇಸರಿ, ಬಿಳಿ, ಹಸಿರು ವರ್ತುಲಗಳ ವಾಯುಪಡೆಯ ಲಾಂಛನವನ್ನು ಅದರ ರೆಕ್ಕೆಗೆ ಅಂಟಿಸಲು ಬಳಸುವ ತೆಳುವಾದ ಮುದ್ರಿತ ಪೊರೆಯೇ ಡೆಕಾಲ್. ಹರಿದರೆ ಸರಿಪಡಿಸುವುದು ಕಷ್ಟ. ಆದುದರಿಂದ ಆತುರ ಸಲ್ಲದು.

ಹೊಳಪಿಲ್ಲದ ಬಣ್ಣದ ಮೇಲೆ ಅಂಟಿಸಿದರೆ ಪೊರೆಯಡಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಕಾಣುತ್ತದೆ. ಮೊದಲು ಹೊಳಪಿನ ವಾರ್ನಿಷ್ ಬಳಿದು ಒಣಗಿಸಬೇಕು. ಹಳೆಯ ಡೆಕಾಲ್ ನೀರಿನಲ್ಲಿ ಚೂರಾಗಬಹುದಾದ್ದರಿಂದ ಬೇಡದ ಒಂದನ್ನು ಪರೀಕ್ಷಿಸಿ ನೋಡುವುದು ಲೇಸು.

ಕತ್ತರಿಸಿದ ಡೆಕಾಲನ್ನು ನೀರಿನಲ್ಲಿ ಅದ್ದಿ ತೆಗೆದು, ಅಂಟು ಸಡಿಲವಾಗುವವರೆಗೆ ಕಾಯಬೇಕು. ಎತ್ತದೆ, ಕಾಗದದಿಂದ ತೇವವಾದ ರೆಕ್ಕೆಯ ಮೇಲಕ್ಕೆ ಕುಂಚದಿಂದ ಜಾರಿಸಬೇಕು. ನಡುವಿನಿಂದ ಅಂಚಿನತ್ತ ನೀರನ್ನು ಮೃದುವಾಗಿ ಒತ್ತಿ ತೆಗೆಯಬೇಕು. ಮೆದುಗೊಳಿಸುವ ದ್ರಾವಣ ಹಚ್ಚಿದಾಗ ಪೊರೆ ಸುಕ್ಕುಗಟ್ಟಿದರೂ ಮುಟ್ಟಬಾರದು. ಒಣಗುತ್ತ ಅದು ಮೈಯ ಗೆರೆಗಳಿಗೆ ತಾನೇ ಹೊಂದಿಕೊಳ್ಳುತ್ತದೆ. ಮರುದಿನ ಮತ್ತೊಮ್ಮೆ ವಾರ್ನಿಷ್ ಬಳಿದರೆ ಲಾಂಛನ ಬಾಳುತ್ತದೆ.